ಆಚಾರ್ರು ಬಿಗಿ ಮಾಡಿದ್ದ ಟ್ಯೂಬು

ವಾಮನ ಆಚಾರಿಯವರು ಆ ಟ್ಯೂಬನ್ನು ಸಡಿಲ ಬಿಟ್ಟಿರಲಿಲ್ಲ. ಸರಿಯಾಗಿಯೇ ಬಿಗಿ ಮಾಡಿ ಕೊಟ್ಟಿದ್ದರು. ಕೋವಿಯ ನಳಿಗೆ ಉಬ್ಬಿ ಸೀಳಿದ್ದು ಅವರ ಕೈಯಿಂದಲ್ಲ, ನಾನು ಟೈಪ್ ಮಾಡಿದ ಒಂದು ಕಾರ್ಡಿನಿಂದ. ಇದು ನನಗೆ ಆ ದಿನವೇ ಗೊತ್ತಿತ್ತು. ಗೊತ್ತಿದ್ದೂ ಒಂದು ಸುಳ್ಳು ಹೇಳಿ ಅವರ ಕೆಲಸ ಹೋಗಲು ಬಿಟ್ಟೆ — ಇಲ್ಲ, ‘ಬಿಟ್ಟೆ’ ಎಂಬ ಮಾತು ಸರಿಯಲ್ಲ. ಹೋಗುವಂತೆ ಮಾಡಿದೆ.

ಮೂವತ್ತು ವರ್ಷಗಳಾದವು. ನಾನು ದಿನಚರಿ ಬರೆಯುವವಳು, ಕಾಲೇಜಿನಿಂದಲೂ ಬಿಟ್ಟಿಲ್ಲ. ಆ ವರ್ಷದ ಪುಸ್ತಕ ಈಗ ನನ್ನ ಮೇಜಿನ ಮೇಲಿದೆ. ಆದರೆ ಅದನ್ನು ಸಾಕ್ಷಿ ಎಂದು ಮುಂದಿಡಲು ಹೆದರಿಕೆಯಾಗುತ್ತದೆ. ಆ ದಿನದ ಪುಟದಲ್ಲಿ ನನ್ನದೇ ಅಕ್ಷರದಲ್ಲಿ ಹೀಗಿದೆ: ‘ಆಚಾರ್ರು ಒಪ್ಪಿಕೊಂಡರು. ಮನಸ್ಸಿಗೆ ಬೇಸರ.’ ಓದಿದವರು ಏನೆಂದುಕೊಳ್ಳಬೇಕು? ನಾನೇ ಎಷ್ಟೋ ವರ್ಷ ಈ ಎರಡು ವಾಕ್ಯಗಳನ್ನು ಓದಿ ಅರ್ಧ ನಂಬಿದ್ದೆ. ಯಾರೂ ನೋಡದ ಪುಸ್ತಕದಲ್ಲೂ ಸುಳ್ಳು ಬರೆದವಳು ನಾನು. ಆದ್ದರಿಂದ ಈಗ ಬರೆಯುವುದರಲ್ಲಿ ಯಾವುದು ಖಚಿತವಾಗಿ ನೆನಪಿದೆ, ಯಾವುದು ಇಲ್ಲ ಎಂದು ಅಲ್ಲಲ್ಲೇ ಹೇಳುತ್ತಾ ಹೋಗುತ್ತೇನೆ.

ಇದು ನಡೆದದ್ದು ಬಹರೈನಿನಲ್ಲಿ, ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ. ಸೌದಿಗೆ ಹೋಗುವ ಸೇತುವೆಯ ಕಂಬಗಳು ಆಗಷ್ಟೇ ಸಮುದ್ರದಿಂದ ಮೇಲೇಳುತ್ತಿದ್ದವು. ಆಚೆ ದಡಕ್ಕೆ ಹೋಗುವವರು ಇನ್ನೂ ಲಾಂಚ್ ಹತ್ತುತ್ತಿದ್ದರು. ನನ್ನ ಗಂಡ ಲಾರೆನ್ಸ್ ಆಸ್ಪತ್ರೆಯ ಲ್ಯಾಬಿನಲ್ಲಿದ್ದರು. ಮಾಹೂಝಿನಲ್ಲಿ ಎರಡು ಕೋಣೆಯ ಫ್ಲ್ಯಾಟು. ನಾನು ಮಂಗಳೂರಿನಲ್ಲಿ ಗಣಿತದಲ್ಲಿ ಬಿ.ಎಸ್ಸಿ. ಮಾಡಿದವಳು, ಟೈಪಿಂಗ್ ಬರುತ್ತಿತ್ತು. ಮನಾಮಾದ ಪೇಟೆಯಲ್ಲಿ ಬೇಟೆ ಮತ್ತು ಮೀನುಗಾರಿಕೆಯ ಸಾಮಾನಿನ ಒಂದು ಅಂಗಡಿಯಲ್ಲಿ ಕ್ಲಾರ್ಕ್ ಆಗಿ ಸೇರಿದೆ. ಗಾಳ, ಡೇರೆ, ಫ್ಲಾಸ್ಕು, ದುರ್ಬೀನು. ಒಳಗಿನ ಕೋಣೆಯಲ್ಲಿ, ಪರವಾನಗಿ ಇದ್ದವರಿಗೆ ಮಾತ್ರ, ತೋಟೆ ಕೋವಿಗಳು.

ಅಂಗಡಿಯ ಯಜಮಾನರು ಮುದುಕರು. ಎಲ್ಲರೂ ಅವರನ್ನು ಅರ್ಬಾಬ್ ಎನ್ನುತ್ತಿದ್ದೆವು. ಹರೆಯದಲ್ಲಿ ಮುತ್ತಿನ ವ್ಯಾಪಾರಕ್ಕೆ ಮುಂಬಯಿಗೆ ಹೋಗಿ ಬಂದು ಮಾಡಿದವರಾದ್ದರಿಂದ ಚೆನ್ನಾಗಿ ಹಿಂದಿ ಮಾತಾಡುತ್ತಿದ್ದರು. ನಾನು ಹೇಳುವ ಆ ಚಳಿಗಾಲದಲ್ಲಿ ಅವರು ಚಿಕಿತ್ಸೆಗೆಂದು ಮುಂಬಯಿಯಲ್ಲೇ ಇದ್ದರು. ಅಂಗಡಿ ನಡೆಸುತ್ತಿದ್ದವನು ಮಗ ಯೂಸುಫ್. ಹೊರದೇಶದಲ್ಲಿ ಓದಿ ಬಂದವನು, ಅವನಿಗೆ ಅರಬಿ ಮತ್ತು ಇಂಗ್ಲಿಷ್ ಮಾತ್ರ.

ಕೋವಿಗಳ ರಿಪೇರಿ ವಾಮನ ಆಚಾರಿಯವರದ್ದು. ಕಾರ್ಕಳದ ಕಡೆಯವರು, ಕಮ್ಮಾರರ ಮನೆತನ. ಫಿಟ್ಟರ್ ವೀಸಾದಲ್ಲಿ ಬಂದವರು. ಅವರಿಗೆ ಬರುತ್ತಿದ್ದದ್ದು ತುಳು, ಕನ್ನಡ, ಹರುಕುಮುರುಕು ಹಿಂದಿ. ನನ್ನನ್ನು ‘ಬಾಯಮ್ಮ’ ಎನ್ನುತ್ತಿದ್ದರು, ನಮ್ಮ ಕಡೆ ಕ್ರಿಶ್ಚಿಯನ್ ಹೆಂಗಸರನ್ನು ಕರೆಯುವ ಹಾಗೆ. ನಾವು ಮಾತಾಡುತ್ತಿದ್ದದ್ದು ತುಳುವಿನಲ್ಲಿ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಯೂಸುಫ್ ಆಚಾರ್ರೊಂದಿಗೆ ಮಾತಾಡಬೇಕಾದರೆ ನಡುವೆ ನಾನಿರಬೇಕು, ಇಲ್ಲವೇ ಪಿಕಪ್ ಓಡಿಸುವ ಹಮೀದ್ ಇರಬೇಕು — ಉಪ್ಪಿನಂಗಡಿಯ ಬ್ಯಾರಿ ಮುಸ್ಲಿಮ, ತುಳುವಿನಷ್ಟೇ ಅರಬಿಯನ್ನೂ ನೀರು ಕುಡಿದಂತೆ ಮಾತಾಡುವವನು.

ಟ್ಯೂಬಿನ ವಿಷಯ ತಿಳಿಯದವರಿಗೆ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ನನ್ನ ತಪ್ಪು ಎಂಥದ್ದೆಂದು ಗೊತ್ತಾಗುವುದಿಲ್ಲ. ತೋಟೆ ಕೋವಿಯಲ್ಲಿ ಒಂದೇ ಗುಂಡಲ್ಲ, ನೂರಾರು ಚರೆಗಳು ಒಟ್ಟಿಗೆ ಹೊರಡುತ್ತವೆ, ಹೋಗುತ್ತಾ ಹೋಗುತ್ತಾ ಚದುರುತ್ತವೆ. ನಳಿಗೆಯ ತುದಿಯನ್ನು ಕೂದಲೆಳೆಯಷ್ಟು ಕಿರಿದು ಮಾಡಿದರೆ ಕಡಿಮೆ ಚದುರುತ್ತವೆ — ಗಿಡಕ್ಕೆ ನೀರು ಬಿಡುವ ಪೈಪಿನ ಬಾಯಿಗೆ ಬೆರಳು ಒತ್ತಿದ ಹಾಗೆ. ಇದಕ್ಕೆ ಚೋಕ್ ಎನ್ನುತ್ತಾರೆ. ಮೊದಲು ಒಂದು ಕೋವಿಗೆ ಒಂದೇ ಚೋಕ್, ಕಾರ್ಖಾನೆಯಲ್ಲೇ ಮಾಡಿ ಕಳಿಸಿದ್ದು. ಆ ವರ್ಷಗಳಲ್ಲಿ ಹೊಸ ಬಗೆಯ ಕೋವಿಗಳು ಬಂದವು: ನಳಿಗೆಯ ಬಾಯಿಯ ಒಳಗೆ ಮರೆ, ಅಂದರೆ ತಿರುಪಿನ ಸುರುಳಿ ಗೀರು, ಅದಕ್ಕೆ ತಿರುಗಿಸಿ ಕೂರಿಸುವ ಬೆರಳುದ್ದದ ಮೂರು ಉಕ್ಕಿನ ಟ್ಯೂಬುಗಳು. ಅಗಲದ್ದು ಒಂದು, ನಡುವಿನದ್ದು ಒಂದು, ಎಲ್ಲಕ್ಕಿಂತ ಕಿರಿದು ‘ಫುಲ್’. ಒಂದು ಕೀಲಿಕೈ. ಹತ್ತಿರದಲ್ಲಿ ಹಾರುವ ಸಣ್ಣ ಹಕ್ಕಿಗೆ ಸಣ್ಣ ಚರೆ, ಅಗಲದ ಟ್ಯೂಬು; ದೂರದ ಬಾತುಕೋಳಿಗೆ ದಪ್ಪ ಚರೆ, ಕಿರಿದಾದ ಟ್ಯೂಬು — ಸ್ಥೂಲವಾಗಿ ಇಷ್ಟೇ.

ಈ ‘ಇಷ್ಟೇ’ಯನ್ನು ಆಚಾರ್ರು ಒಪ್ಪುತ್ತಿರಲಿಲ್ಲ. ಒಂದೇ ಕಾರ್ಖಾನೆಯ ಎರಡು ಕೋವಿಗಳೂ ಒಂದೇ ತರಹ ಹೊಡೆಯುವುದಿಲ್ಲ, ಕಾಗದಕ್ಕೆ ಹೊಡೆದು ನೋಡಬೇಕು ಎನ್ನುತ್ತಿದ್ದರು. ಅದು ಅಂಗಡಿಯ ಪದ್ಧತಿಯೂ ಆಗಿತ್ತು. ಗುರುವಾರ ಮಧ್ಯಾಹ್ನ ಅವರೂ ಹಮೀದನೂ ಅನುಮತಿ ಪತ್ರ ಹಿಡಿದುಕೊಂಡು ಸಖೀರಿನ ಆಚೆಯ ಮರಳಿಗೆ ಹೋಗುತ್ತಿದ್ದರು. ಮರದ ಚೌಕಟ್ಟಿಗೆ ಪ್ಯಾಕಿಂಗಿನ ಕಂದು ಕಾಗದ ಬಿಗಿದು, ನಲವತ್ತು ಗಜ ಅಳೆದು, ಒಂದು ಹಾಳೆಗೆ ಒಂದೇ ಈಡು. ಒಂದು ಟ್ಯೂಬಿಗೆ, ಒಂದು ಬಗೆಯ ತೋಟೆಗೆ ಐದು ಹಾಳೆ. ಶುಕ್ರವಾರ ರಜೆ. ಶನಿವಾರ ಬೆಳಿಗ್ಗೆ ಆ ಹಾಳೆಗಳ ಸುರುಳಿ ನನ್ನ ಮೇಜಿಗೆ. ಆಚಾರ್ರು ತಂತಿ ಬಗ್ಗಿಸಿ ಮಾಡಿಕೊಟ್ಟ ಮೂವತ್ತು ಇಂಚಿನ ಬಳೆಯನ್ನು ಹೆಚ್ಚು ತೂತು ಬಿದ್ದ ಕಡೆ ಇಟ್ಟು ವೃತ್ತ ಎಳೆದು, ಒಳಗಿನ ತೂತುಗಳನ್ನು ನಾನು ಎಣಿಸಬೇಕು. ಎಣಿಸಿದ ತೂತಿಗೆ ಕೆಂಪು ಪೆನ್ಸಿಲಿನ ಗೀಟು. ತೋಟೆಯೊಂದನ್ನು ಒಡೆದು ಒಟ್ಟು ಚರೆ ಎಷ್ಟೆಂದು ಮೊದಲೇ ಲೆಕ್ಕ ಹಾಕಿಟ್ಟಿರುತ್ತೇವೆ. ನೂರಕ್ಕೆ ಎಷ್ಟು ವೃತ್ತದೊಳಗೆ ಬಿತ್ತು — ಅದನ್ನು ಕಾರ್ಡಿನಲ್ಲಿ ಟೈಪ್ ಮಾಡಿ ಕೋವಿಯ ಪೆಟ್ಟಿಗೆಗೆ ಕಟ್ಟಿ ಕೊಡುತ್ತಿದ್ದೆವು. ಯಾವ ತೋಟೆಗೆ ಯಾವ ಟ್ಯೂಬು, ಯಾವ ದೂರಕ್ಕೆ, ಯಾವ ಹಕ್ಕಿಗೆ. ಕೊನೆಯ ಸಾಲು ಎಲ್ಲ ಕಾರ್ಡಿನಲ್ಲೂ ಒಂದೇ: ಕಾಗದದ ಮೇಲೆ ಪರೀಕ್ಷಿಸಿದವರು — ವಿ.ಎ.

ಒಮ್ಮೆ ನಾನೂ ಲಾರೆನ್ಸರೂ ಮರಳಿಗೆ ಹೋಗಿದ್ದೆವು. ಆಚಾರ್ರು ಹೊಡೆದರು. ನಾನು ಓಡಿಹೋಗಿ ಅಲ್ಲೇ ಎಣಿಸಿದೆ — ಒಟ್ಟು ಇನ್ನೂರ ನಲವತ್ತರಷ್ಟು ಚರೆಯಲ್ಲಿ ನೂರ ಎಪ್ಪತ್ತರ ಆಸುಪಾಸು; ನೂರಕ್ಕೆ ಎಪ್ಪತ್ತು ಬಂತೆಂದು ಖುಷಿಪಟ್ಟೆ. ಅವರು ಸಂಖ್ಯೆ ಕೇಳಿಸಿಕೊಂಡರೋ ಇಲ್ಲವೋ. ಕಾಗದದಲ್ಲಿ ತೂತೇ ಬೀಳದ ಒಂದು ಕಡೆ ಅಂಗೈ ಇಟ್ಟರು. ಅಂಗೈ ಪೂರ್ತಿ ಹಿಡಿಯಿತು.

“ಇಲ್ಲಿ ನೋಡಿ ಬಾಯಮ್ಮ. ಈ ಬಾಗಿಲಲ್ಲಿ ಹಕ್ಕಿ ಮಕ್ಕಳನ್ನು ಕರ್ಕೊಂಡು ಹೊರಗೆ ಹೋಗ್ತದೆ. ನಿಮ್ಮ ಲೆಕ್ಕಕ್ಕೆ ಬಾಗಿಲು ಕಾಣುದಿಲ್ಲ.”

ಹಮೀದ್ ಪಿಕಪ್ಪಿನ ನೆರಳಿನಿಂದಲೇ, “ಹೊರಗೆ ಹೋಗ್ಲಿಕ್ಕೆ ಅದ್ರ ಕಫೀಲ್ ಸೈನ್ ಹಾಕ್ಬೇಕಲ್ಲ ಆಚಾರ್ರೆ,” ಎಂದ. ಕಫೀಲ್ ಎಂದರೆ ವೀಸಾ ಕೊಟ್ಟು ಕರೆಸಿಕೊಂಡ ಧಣಿ, ಅವನ ಸಹಿಯಿಲ್ಲದೆ ನಾವು ಯಾರೂ ದೇಶ ಬಿಡುವಂತಿರಲಿಲ್ಲ. ಎಲ್ಲರೂ ನಕ್ಕೆವು.

ನಾನೂ ನಕ್ಕೆ. ಆದರೆ ಆ ಮಾತು ಒಳಗೆ ಚುಚ್ಚಿತ್ತು. ಇದು ಈಗ ಸೇರಿಸಿಕೊಂಡ ನೆನಪಲ್ಲ. ಆ ವಾರದ ದಿನಚರಿಯಲ್ಲಿ, ‘ಓದಿಲ್ಲದವರಿಗೆ ಲೆಕ್ಕದ ಬೆಲೆ ತಿಳಿಯುವುದಿಲ್ಲ’ ಎಂದು ಬರೆದುಕೊಂಡಿದ್ದೇನೆ. ಕಾರ್ಡುಗಳಿಗೆ ಹೆಸರು ಬರತೊಡಗಿತ್ತು. ಗಿರಾಕಿಗಳು ‘ಮಿಸೆಸ್ ಸೆಲಿನ್ ಕಾರ್ಡು’ ಎಂದೇ ಕೇಳುತ್ತಿದ್ದರು. ನಾನು ಹಳೆಯ ಕಾರ್ಡುಗಳನ್ನೆಲ್ಲ ಸೇರಿಸಿ ಒಂದು ಕೋಷ್ಟಕ ಮಾಡಿಕೊಂಡಿದ್ದೆ — ಚರೆಯ ಗಾತ್ರ ಮತ್ತು ಟ್ಯೂಬು ತಿಳಿದರೆ ಉತ್ತರ ಎಷ್ಟು ಬರುತ್ತದೆಂದು ಹೊಡೆಯುವ ಮೊದಲೇ ಹೇಳಬಹುದು ಎಂದು. ಐದರಲ್ಲಿ ನಾಲ್ಕು ಸಲ ಸರಿಯಾಗುತ್ತಿತ್ತು. ಐದನೆಯದನ್ನು ಮರೆಯುತ್ತಿದ್ದೆ. ಅತಿ ದಪ್ಪ ಚರೆಯನ್ನು ಫುಲ್ ಟ್ಯೂಬಿನಲ್ಲಿ ಹೊಡೆದರೆ ಒಟ್ಟಾಗುವ ಬದಲು ಇನ್ನೂ ಕೆಟ್ಟದಾಗಿ ಚದುರುತ್ತದೆ ಎಂದು ಕಾಗದ ಒಮ್ಮೆ ತೋರಿಸಿಯೂ ಇತ್ತು. ನಾನು ಕಾಗದವನ್ನು ಅನುಮಾನಿಸಿದೆ, ಕೋಷ್ಟಕವನ್ನಲ್ಲ.

ಈಗ ಆ ವಾರ.

ಸೋಮವಾರದ ಪುಟದಲ್ಲಿ ‘ಅಮೆರಿಕದ ಪೆಟ್ಟಿಗೆ ಬಿಚ್ಚಿದೆ’ ಎಂದಿದೆ. ಅದರಲ್ಲಿ ನಾವು ಅದುವರೆಗೆ ನೋಡಿರದ ತೋಟೆಗಳಿದ್ದವು. ಸೀಸದ ಚರೆಯಲ್ಲ, ಉಕ್ಕಿನದ್ದು. ಆಚಾರ್ರು ಒಂದನ್ನು ಒಡೆದು, ಚರೆಯನ್ನು ಅಡಿಗಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ತಟ್ಟಿದರು. ಸೀಸವಾದರೆ ಚಪ್ಪಟೆಯಾಗುತ್ತದೆ, ಇದು ಟಣಕ್ಕೆಂದು ಹಾರಿ ಕಪಾಟಿನ ಅಡಿಗೆ ಹೋಯಿತು. ಮೊಣಕಾಲೂರಿ ಹುಡುಕಿ ತೆಗೆದು, ಅಂಗೈಯಲ್ಲಿ ಉರುಳಿಸುತ್ತಾ ಅವರು ಹೇಳಿದ್ದು ಹೆಚ್ಚುಕಡಿಮೆ ಇದೇ ಮಾತು:

“ಸೀಸ ಆದ್ರೆ ಜಾಗ ಸಣ್ಣದಿದ್ರೆ ತಾನೇ ಕುಗ್ತದೆ. ಇದು ಕುಗ್ಗುದಿಲ್ಲ ಬಾಯಮ್ಮ. ಒಂದೊಂದೇ ಟ್ಯೂಬು ನೋಡಿ, ಅಗಲದ್ದರಿಂದ ಶುರು ಮಾಡುವ. ಫುಲ್‌ಗೆ ಹಾಕ್ಲಿಕ್ಕೆ ನಂಗೆ ಧೈರ್ಯ ಇಲ್ಲ.”

ಇದನ್ನು ಕೇಳಿದವಳು ನಾನೊಬ್ಬಳೇ.

ಬುಧವಾರ ಅಬು ರಾಶಿದ್ ಬಂದರು. ಬುಸೈತೀನಿನವರು, ಅರ್ಬಾಬರ ಹಳೆಯ ಗೆಳೆಯರು. ಮೂರು ಟ್ಯೂಬಿನ ಹೊಸ ಕೋವಿಯೊಂದನ್ನು ಆರಿಸಿದರು. ಶನಿವಾರ ಲಾಂಚಿನಲ್ಲಿ ಆಚೆ ದಡಕ್ಕೆ, ಅಲ್ಲಿಯ ಖರ್ಜೂರದ ತೋಟಗಳ ಕೊಳಗಳಲ್ಲಿ ಬಾತುಕೋಳಿ ಹೊಡೆಯಲು. ಹೊಸ ಉಕ್ಕಿನ ತೋಟೆಯನ್ನು ಯೂಸುಫನೇ ಅವರಿಗೆ ತೋರಿಸಿದ. ಅದೂ ಬೇಕು, ಕಾರ್ಡೂ ಬೇಕು ಎಂದರು. ಗುರುವಾರ ಮಧ್ಯಾಹ್ನ ಪರೀಕ್ಷೆಯಾಗಬೇಕಿತ್ತು. ಗುರುವಾರ ಬೆಳಿಗ್ಗೆ ಶಮಾಲ್ ಗಾಳಿ ಎದ್ದಿತು. ಪೇಟೆಯಲ್ಲೇ ಎದುರಿನ ಅಂಗಡಿಯ ಹಲಗೆ ಕಾಣದಷ್ಟು ಧೂಳು. ಮರಳಿನಲ್ಲಿ ಕಾಗದ ನಿಲ್ಲುವ ಮಾತೇ ಇಲ್ಲ. ಎರಡು ದಿನ ಕಾಯಲಿ ಎಂದರು ಆಚಾರ್ರು. ಅಬು ರಾಶಿದರ ಲಾಂಚು ಕಾಯುವುದಿಲ್ಲ ಎಂದ ಯೂಸುಫ್. ಕಾರ್ಡು ಸಂಜೆಗೆ ಆಗುತ್ತದಲ್ಲ ಎಂದು ನನ್ನನ್ನು ಕೇಳಿದ. ಆಗುವುದಿಲ್ಲ ಎನ್ನಬಹುದಿತ್ತು. ಪರೀಕ್ಷೆಯಾಗಿಲ್ಲ ಎಂದು ಆ ಕಾರ್ಡಿನಲ್ಲೇ ಬರೆದುಕೊಡಬಹುದಿತ್ತು. ಯೂಸುಫ್ ಗದರುವವನಲ್ಲ. ಬೇಸರಪಟ್ಟುಕೊಳ್ಳುತ್ತಿದ್ದ, ಅಷ್ಟೇ.

ಆಗುತ್ತದೆ ಎಂದೆ.

ನನ್ನ ತರ್ಕ ಹೀಗಿತ್ತು: ಉಕ್ಕು ಸೀಸಕ್ಕಿಂತ ಹಗುರ. ಹಗುರವಾದದ್ದು ಬೇಗ ವೇಗ ಕಳೆದುಕೊಳ್ಳುತ್ತದೆ, ಬೇಗ ಚದುರುತ್ತದೆ. ಆದ್ದರಿಂದ ಅದನ್ನು ಒಟ್ಟಾಗಿ ಹಿಡಿಯಲು ಎಲ್ಲಕ್ಕಿಂತ ಕಿರಿದಾದ ಟ್ಯೂಬೇ ಬೇಕು. ಉಕ್ಕಿನ ತೋಟೆ — ಫುಲ್ — ನಲವತ್ತು ಗಜ — ನೂರಕ್ಕೆ ಎಪ್ಪತ್ತೆರಡು. ಎಪ್ಪತ್ತು ಎಂದು ಬರೆದರೆ ಊಹೆ ಎನಿಸುತ್ತದೆಂದು ಎಪ್ಪತ್ತೆರಡು ಎಂದು ಬರೆದೆ. ಇದು ಖಚಿತವಾಗಿ ನೆನಪಿದೆ. ಕೊನೆಯಲ್ಲಿ, ಪರೀಕ್ಷಿಸಿದವರು — ವಿ.ಎ. ಆ ಸಾಲು ಅಭ್ಯಾಸಬಲದಿಂದ ಟೈಪಾಯಿತು ಎಂದು ಬಹಳ ಕಾಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಬೆರಳಿಗೆ ಅಭ್ಯಾಸವಿತ್ತು, ನಿಜ. ಆದರೆ ಕಾರ್ಡನ್ನು ಯಂತ್ರದಿಂದ ತೆಗೆದ ಮೇಲೆ ಓದಿದೆನಲ್ಲ. ಓದಿಯೇ ಪೆಟ್ಟಿಗೆಗೆ ಕಟ್ಟಿದೆ.

ಆಚಾರ್ರಿಗೆ ಒಂದು ಚೀಟಿ ಹೋಯಿತು: ಫುಲ್ ಟ್ಯೂಬು ಕೂರಿಸಿ ಕೊಡಿ. ಅವರು ಮರೆಗೆ ಎಣ್ಣೆ ಸವರಿ, ಕೀಲಿಯಿಂದ ಬಿಗಿ ಮಾಡಿ, ಬಟ್ಟೆಯಲ್ಲಿ ಒರೆಸಿ ಕೊಟ್ಟರು. ಯಾವ ತೋಟೆಗೆಂದು ಚೀಟಿಯಲ್ಲಿರಲಿಲ್ಲ. ಮಾಮೂಲಿ ಸೀಸದ್ದಕ್ಕೆ ಎಂದುಕೊಂಡಿರಬೇಕು. ಪರೀಕ್ಷೆಯಾಗದ ತೋಟೆ ಅಂಗಡಿಯಿಂದ ಹೊರಗೆ ಹೋಗುತ್ತದೆಂದು ಅವರು ಎಣಿಸುವ ಹಾಗೂ ಇರಲಿಲ್ಲ.

ಮುಂದಿನ ಮಂಗಳವಾರ ಅಬು ರಾಶಿದ್ ಒಂದು ಬಟ್ಟೆಯ ಗಂಟು ತಂದು ಗಾಜಿನ ಕಪಾಟಿನ ಮೇಲೆ ಇಟ್ಟರು. ಬಿಚ್ಚಿದರು. ನಳಿಗೆಯ ತುದಿ ಈರುಳ್ಳಿಯ ಹಾಗೆ ಉಬ್ಬಿ, ಒಂದು ಕಡೆ ಬೆರಳಗಲ ಸೀಳಿತ್ತು. ಒಳಗೆ ಟ್ಯೂಬು ಎರಡಾಗಿ ಸಿಕ್ಕಿಕೊಂಡಿತ್ತು. ಯಾರಿಗೂ ಪೆಟ್ಟಾಗಿರಲಿಲ್ಲ. ಅವರು ಕೂಗಾಡಲಿಲ್ಲ, ಪಕ್ಕದಲ್ಲಿ ಮೊಮ್ಮಗಳಿದ್ದಳು ಎಂದಷ್ಟೇ ಯೂಸುಫನಿಗೆ ಹೇಳಿ ಹೋದರು. ಯೂಸುಫನ ಮುಖ ಬಿಳಿಚಿತ್ತು. ಆ ದಿನ ಹಮೀದ್ ಸರಕು ಬಿಡಿಸಲು ಬಂದರಿಗೆ ಹೋಗಿದ್ದ. ಯೂಸುಫ್ ಆಚಾರ್ರನ್ನು ಒಳಗೆ ಕರೆಸಿದ. ನನ್ನನ್ನೂ.

ಕಾರ್ಡು ಅವನ ಕೈಯಲ್ಲಿತ್ತು. ಅವನು ನನಗೆ ಇಂಗ್ಲಿಷಿನಲ್ಲಿ ಹೇಳಿದ: “ಈ ತೋಟೆಯನ್ನು ಈ ಟ್ಯೂಬಿನಲ್ಲಿ ಇವನು ಪರೀಕ್ಷೆ ಮಾಡಿದ್ದನಾ? ಕೇಳು.”

ತುಳುವಿನಲ್ಲಿ ಕೇಳಲು ಒಂದು ಉಸಿರು ಸಾಕಿತ್ತು. ಆಚಾರ್ರು ನನ್ನ ಮುಖ ನೋಡುತ್ತಾ ನಿಂತಿದ್ದರು, ನಾನು ಹೇಳುವುದಕ್ಕಾಗಿ. ನಾನು ಕೇಳಿದೆ:

“ಆ ಟ್ಯೂಬು ಬಿಗಿ ಮಾಡಿದ್ದು ನೀವೇ ಅಲ್ವಾ ಆಚಾರ್ರೆ?”

“ಹೌದು ಬಾಯಮ್ಮ. ನಾನೇ.”

ಯೂಸುಫನ ಕಡೆ ತಿರುಗಿ ಇಂಗ್ಲಿಷಿನಲ್ಲಿ, ಹೌದು, ಪರೀಕ್ಷೆ ಮಾಡಿದ್ದೇನೆ ಎನ್ನುತ್ತಾರೆ ಎಂದೆ. ಆಚಾರ್ರು ತಲೆಯಾಡಿಸಿದ್ದನ್ನು ಅವನೂ ಕಂಡಿದ್ದ. ಆ ಗಾಳಿಯಲ್ಲಿ ಪರೀಕ್ಷೆ ಹೇಗಾಯಿತೆಂಬ ಅನುಮಾನವಿದ್ದರೂ ಅದು ಅಲ್ಲಿಗೆ ಮುಗಿಯಿತು, ಅವನಿಗೆ ಇನ್ನು ಯೋಚಿಸಲು ಏನೂ ಇರಲಿಲ್ಲ. ಕಾಗದದ ಮೇಲೆ ಸರಿಯಾಗಿದ್ದದ್ದು ಕೊಳದ ಹತ್ತಿರ ಒಡೆದಿದೆ ಎಂದರೆ ಕೂರಿಸಿದ್ದರಲ್ಲೇ ತಪ್ಪು. ಟ್ಯೂಬು ಸಡಿಲವಿದ್ದರೆ ಚರೆ ಅದರ ಅಂಚಿಗೆ ತಾಗಿ ಹೀಗಾಗುತ್ತದೆಂದು ಎಲ್ಲರಿಗೂ ಗೊತ್ತು. ಹಾಗೆಂದೇ ಹೇಳಿದ. ಅದನ್ನು ಮಾತ್ರ ನಾನು ಒಂದಕ್ಷರ ಬಿಡದೆ ತುಳುವಿಗೆ ತಂದೆ.

ಆಚಾರ್ರು ಕೋವಿಯನ್ನು ಎತ್ತಿಕೊಂಡು ಬೆಳಕಿಗೆ ಹಿಡಿದರು. ಉಬ್ಬಿದ ಜಾಗದ ಮೇಲೆ ಹೆಬ್ಬೆರಳು ಆಡಿಸಿದರು. ಆಮೇಲೆ —

ಇಲ್ಲಿ ನಿಲ್ಲಬೇಕು. ಮೊದಲ ಪುಟದಲ್ಲಿ ‘ಒಂದು ಸುಳ್ಳು’ ಎಂದು ಬರೆದಿದ್ದೇನೆ. ಅದನ್ನು ಅಳಿಸುವುದಿಲ್ಲ, ಇಲ್ಲಿ ತಿದ್ದುತ್ತೇನೆ. ಅವರು ಕೋವಿಯನ್ನು ಬೆಳಕಿಗೆ ಹಿಡಿದದ್ದು ಬರೆಯುವಾಗ, ಅವರು ನನ್ನನ್ನು ಏನೋ ಕೇಳಿದ್ದು ನೆನಪಾಯಿತು. ಮೂವತ್ತು ವರ್ಷ ಇದು ನನ್ನ ಲೆಕ್ಕದಲ್ಲಿ ಇರಲೇ ಇಲ್ಲ. ದಿನಚರಿಯಲ್ಲಂತೂ ಇಲ್ಲ. ಬರೆಯುವ ಭರದಲ್ಲಿ ಕಟ್ಟಿಕೊಂಡದ್ದಿರಬಹುದೇ ಎಂದು ಎರಡು ದಿನ ಕಾಗದ ಮುಚ್ಚಿಟ್ಟು ನೋಡಿದೆ. ಇಲ್ಲ. ಅವರ ದನಿಯೂ ಇದೆ, ನನ್ನ ಉತ್ತರವೂ ಇದೆ.

“ಯಾವ ತೋಟೆ ಹೊಡೆದದ್ದಂತೆ ಬಾಯಮ್ಮ?”

“ಮಾಮೂಲಿ. ಸೀಸದ್ದು.”

ಕಮ್ಮಾರನ ಕಣ್ಣಿಗೆ ಕಾರಣ ಕಂಡಿತ್ತು. ಹೌದೋ ಅಲ್ಲವೋ ಎಂದು ಕೇಳುತ್ತಿದ್ದರು, ಅಷ್ಟೇ. ನಾನು ಅದನ್ನೂ ಮುಚ್ಚಿದೆ. ಆಮೇಲೆ ಅವರಿಗೆ ಉಳಿದದ್ದು ಒಂದೇ ಕಾರಣ. ಕೋವಿಯನ್ನು ಕೆಳಗಿಟ್ಟರು. ಬಲಗೈಯನ್ನು ಒಮ್ಮೆ ತಿರುಗಿಸಿ ನೋಡಿಕೊಂಡರು.

“ಹಾಗಾದ್ರೆ ನನ್ನ ಕೈಯೇ,” ಎಂದರು.

ಏನಂತೆ ಎಂದು ಯೂಸುಫ್ ನನ್ನನ್ನು ಕೇಳಿದ. ತಪ್ಪು ಒಪ್ಪಿಕೊಂಡರು ಎಂದೆ. ಆಚಾರ್ರು ಕಿಸೆಯಿಂದ ಟ್ಯೂಬಿನ ಕೀಲಿಕೈ ತೆಗೆದು ಗಾಜಿನ ಮೇಲೆ, ಸದ್ದಾಗದಂತೆ, ಇಟ್ಟರು.

ಕೋವಿಯ ವ್ಯಾಪಾರ ಪರವಾನಗಿಯ ಮೇಲೆ ನಿಂತದ್ದು, ಯೂಸುಫ್ ಹೆದರಿದ್ದ. ವೀಸಾ ರದ್ದು ಮಾಡುವ ಪತ್ರವನ್ನು ಟೈಪ್ ಮಾಡಿದವಳೂ ನಾನೇ. ‘ಕೆಲಸದಲ್ಲಿ ಅಜಾಗರೂಕತೆ’ ಎಂಬ ಕಾರಣ ಯೂಸುಫ್ ಹೇಳಿದ್ದು. ಅದನ್ನು ಚಂದದ ಇಂಗ್ಲಿಷಿಗೆ ತಿದ್ದಿದ್ದು ನಾನು. ಹತ್ತು ದಿನಗಳೊಳಗೆ ಆಚಾರ್ರು ಹೋದರು. ಹೋಗುವ ಹಿಂದಿನ ದಿನ ಅಂಗಡಿಗೆ ಬಂದು, ಮೊಮ್ಮಗಳು ಪಕ್ಕದಲ್ಲಿದ್ದಳಂತೆ, ದೇವರು ದೊಡ್ಡವನು, ಎಂದು ನನ್ನ ಹತ್ತಿರ ಹೇಳಿದರು. ಅಬು ರಾಶಿದರ ಮನೆಗೆ ಹೋಗಿ ಕೈ ಮುಗಿದು ಬಂದಿದ್ದರಂತೆ. ತಾನು ಮಾಡದ ತಪ್ಪಿಗೆ.

ಅಮೆರಿಕದ ಆ ಪೆಟ್ಟಿಗೆಯ ಒಳಗೆ ಒಂದು ಮುದ್ರಿತ ಚೀಟಿ ಇತ್ತು. ಉಕ್ಕಿನ ಚರೆಯನ್ನು ಫುಲ್ ಚೋಕಿನಲ್ಲಿ ಹೊಡೆಯಬಾರದು, ನಳಿಗೆ ಕೆಡುತ್ತದೆ, ಒಂದು ಮಟ್ಟ ಅಗಲದ ಚೋಕೇ ಸಾಕು ಎಂದು ನಾಲ್ಕು ಸಾಲು. ಆಚಾರ್ರು ಅಡಿಗಲ್ಲಿನ ಮುಂದೆ ಹೇಳಿದ ಮಾತೇ, ಇಂಗ್ಲಿಷಿನಲ್ಲಿ. ಆ ಚೀಟಿ ನನಗೆ ಸಿಕ್ಕಿದ್ದು ಎಲ್ಲ ಮುಗಿದ ಮೇಲೆ, ಪೆಟ್ಟಿಗೆಯ ತಳದಲ್ಲಿ — ಹೀಗೆಂದು ನಾನು ನಂಬಿದ್ದೇನೆ. ಆದರೆ ಸೋಮವಾರ ಪೆಟ್ಟಿಗೆ ಬಿಚ್ಚಿ ತೋಟೆಗಳನ್ನೆಲ್ಲ ಕಪಾಟಿಗೆ ಜೋಡಿಸಿದವಳು ನಾನೇ ಎಂದಾದರೆ, ತಳದಲ್ಲಿದ್ದ ಚೀಟಿ ಆಗ ಎಲ್ಲಿತ್ತು? ನೋಡಿರಲಿಲ್ಲ ಎಂದು ಆಣೆ ಮಾಡಿ ಹೇಳಲಾರೆ. ನೋಡಿ, ಆಮೇಲೆ ಓದೋಣ ಎಂದು ಪುಸ್ತಕದಲ್ಲಿಟ್ಟಿರಬಹುದು. ಅದು ಈಗಲೂ ದಿನಚರಿಯಲ್ಲಿದೆ, ಮಡಿಕೆಯಲ್ಲಿ ಹರಿದಿದೆ. ಯಾವ ದಿನದ ಪುಟದ ನಡುವೆ ಇದ್ದರೆ ಏನು, ಇಟ್ಟವಳು ನಾನು. ಉಳಿದ ಉಕ್ಕಿನ ತೋಟೆಗಳನ್ನು ಬೇಡಿಕೆಯಿಲ್ಲ ಎಂದು ಹೇಳಿ ವಾಪಸು ಕಳಿಸಿದೆ. ಬೇರೆ ಯಾರಿಗೂ ಅಪಾಯವಾಗದಂತೆ ನೋಡಿಕೊಂಡೆ ಎಂದು ಸಮಾಧಾನಪಟ್ಟುಕೊಂಡದ್ದೂ ಉಂಟು.

ಎರಡು ತಿಂಗಳ ಮೇಲೆ ಅರ್ಬಾಬ್ ಮುಂಬಯಿಯಿಂದ ಬಂದರು. ಮೊದಲು ಹೋಗಿ ನೋಡಿದ್ದು ಆಚಾರ್ರ ಖಾಲಿ ಮೇಜನ್ನು. ಆಮೇಲೆ ನನ್ನ ಹತ್ತಿರ ಬಂದು ಕುಳಿತು ಹಿಂದಿಯಲ್ಲಿ ಕೇಳಿದರು: ವಾಮನ ಟ್ಯೂಬು ಸಡಿಲ ಬಿಟ್ಟ ಅಂತಾನೆ ಯೂಸುಫ್. ನೀನು ನಂಬ್ತೀಯಾ ಬೇಟಿ?

ಮೊದಲಿನದ್ದಕ್ಕೆ ಹೆದರಿಕೆ ಎಂದು ಹೆಸರಿಡಬಹುದೇನೋ. ಇದಕ್ಕೆ ಇಡಲು ನನ್ನ ಹತ್ತಿರ ಹೆಸರಿಲ್ಲ. ಅವರು ಒಂದು ತಾರು ಕಳಿಸಿದ್ದರೆ ಆಚಾರ್ರು ಹಿಂದೆ ಬರುತ್ತಿದ್ದರು. ನಾನು ಹೇಳಿದೆ: “ಮನುಷ್ಯರಿಂದ ತಪ್ಪಾಗುತ್ತದೆ, ಅರ್ಬಾಬ್.”

ಅವರು ನನ್ನನ್ನು ತುಸು ಹೊತ್ತು ನೋಡಿದರು. ಅಥವಾ ಆ ನೋಟವನ್ನು ನಾನೇ ಆಮೇಲೆ ಸೇರಿಸಿದೆನೋ ಏನೋ. ಎದ್ದು ಹೋದರು.

ಆ ಈಸ್ಟರಿಗೆ ಮೊದಲು ಇಗರ್ಜಿಯಲ್ಲಿ ಪಾಪನಿವೇದನೆಗೆ ಹೋದೆ. ಕೆಲಸದ ಜಾಗದಲ್ಲಿ ಸುಳ್ಳು ಹೇಳಿದೆ, ಒಬ್ಬರಿಗೆ ನಷ್ಟವಾಯಿತು ಎಂದೆ. ಯಾರು, ಏನು ಎಂದು ಹೇಳಲಿಲ್ಲ. ಸಾಧ್ಯವಾದರೆ ಅವರಿಗೇ ಹೇಳಿ ಸರಿಪಡಿಸಿಕೊಳ್ಳಿ ಎಂದರು ಪಾದ್ರಿಗಳು. ಅವರ ‘ಸಾಧ್ಯವಾದರೆ’ ಎಂಬ ಒಂದು ಪದದ ಹಿಂದೆ ಇಷ್ಟು ವರ್ಷ ಅಡಗಿ ಕುಳಿತೆ. ಆಚಾರ್ರ ವಿಳಾಸ ಅಂಗಡಿಯ ಕಡತದಲ್ಲಿತ್ತು. ನನ್ನ ಕಪಾಟಿನಲ್ಲೇ. ಲಾರೆನ್ಸರಿಗೆ ನಾನು ಹೇಳಲಿಲ್ಲ. ಅವರು ತೀರಿಕೊಂಡು ಆರು ವರ್ಷವಾಯಿತು, ಗೊತ್ತಿಲ್ಲದೆಯೇ ಹೋದರು.

ಹೋದ ತಿಂಗಳು ಮಂಗಳೂರಿನಲ್ಲಿ ಕಣ್ಣಿನ ಡಾಕ್ಟರರ ಹತ್ತಿರ ಸರದಿಯಲ್ಲಿ ಕುಳಿತಿದ್ದಾಗ, ಬಿಳಿ ಗಡ್ಡದ ಒಬ್ಬರು ನನ್ನನ್ನೇ ನೋಡುತ್ತಿದ್ದರು.

“ಮಿಸೆಸ್ ಸೆಲಿನ್ ಅಲ್ವಾ? ನಾನು ಹಮೀದ್. ಪಿಕಪ್.”

ಒಂದು ಗಂಟೆ ಮಾತಾಡಿದೆವು. ಆಚಾರ್ರನ್ನು ಅವನು ಈಗಲೂ ವರ್ಷಕ್ಕೊಮ್ಮೆ ಕಾರ್ಕಳಕ್ಕೆ ಹೋಗಿ ನೋಡಿ ಬರುತ್ತಾನಂತೆ. ಎಪ್ಪತ್ತು ದಾಟಿದೆ, ಗಟ್ಟಿಯಾಗಿದ್ದಾರೆ. ಗೇಟು, ಕಿಟಕಿಯ ಸರಳು ಮಾಡುವ ಸಣ್ಣ ಶೆಡ್ಡು. ಈಗ ಮಗಳು ನೋಡಿಕೊಳ್ಳುತ್ತಾಳೆ. ಕೋವಿಯ ಕೆಲಸ ಮಾಡುತ್ತಾರಾ ಎಂದು ಕೇಳಿದೆ. ಏಕೆ ಕೇಳಿದೆನೋ.

“ಕೋವಿ ಮುಟ್ಟುದಿಲ್ಲ ಮಾರಾಯ್ರೆ. ಊರಿನವರು ಬಂದು ಕಾಲು ಹಿಡಿದ್ರೂ ಇಲ್ಲ. ನನ್ನ ಕೈ ನಂಬ್ಲಿಕ್ಕೆ ಆಗುದಿಲ್ಲ ಅಂತಾರೆ. ಅದು ಬಿಡಿ, ಒಂದು ಗೇಟಿನ ಬೋಲ್ಟು ಬಿಗಿ ಮಾಡಿದ್ರೂ ಮಗಳನ್ನು ಕರೀತಾರೆ. ನೀನೊಮ್ಮೆ ನೋಡು, ಸಡಿಲ ಉಂಟಾ ಅಂತ. ಅವಳು ನೋಡ್ತಾಳೆ. ಯಾವತ್ತೂ ಸಡಿಲ ಇರುದಿಲ್ಲ.”

ಹಮೀದ್ ಅದನ್ನು ಮುದುಕರ ವಿಚಿತ್ರ ಎಂಬಂತೆ, ನಗುತ್ತಲೇ ಹೇಳಿದ. ಅಷ್ಟರಲ್ಲಿ ನನ್ನ ಹೆಸರು ಕರೆದರು. ಒಳಗೆ ಹೋದೆ. ಡಾಕ್ಟರರು ಓದಲು ಹೇಳಿದ ಅಕ್ಷರಗಳಲ್ಲಿ ಒಂದೂ ಕಾಣಲಿಲ್ಲ.

ಅವರ ಸಂಬಳ ಹೋಯಿತು, ಮರ್ಯಾದೆ ಹೋಯಿತು ಎಂದಷ್ಟೇ ನಾನು ಇದುವರೆಗೆ ತಿಳಿದಿದ್ದೆ. ಊರಿಗೆ ಹೋಗಿ ಹೇಗೋ ಬದುಕಿಕೊಂಡಿರುತ್ತಾರೆ ಎಂದು. ನಾನು ತೆಗೆದುಕೊಂಡದ್ದು ಅದಲ್ಲ. ಬೆಳಿಗ್ಗೆ ಎದ್ದು ತನ್ನ ಕೈಯನ್ನು ತಾನು ನಂಬುವುದು — ಕಮ್ಮಾರರ ಮನೆಯಲ್ಲಿ ಹುಟ್ಟಿದವರಿಗೆ ಅದಕ್ಕಿಂತ ಬೇರೆ ಏನಿತ್ತು? ಅದನ್ನು ಮೂವತ್ತು ವರ್ಷ ನಾನು ಇಟ್ಟುಕೊಂಡಿದ್ದೇನೆ. ನನ್ನ ಮಾತನ್ನು ನಂಬುವ ಕಷ್ಟ ಮಾತ್ರ ನನಗೆ ಎಂದೂ ಬರಲಿಲ್ಲ. ಜನ ನಂಬುತ್ತಲೇ ಬಂದರು.

ಇದನ್ನು ಅವರಿಗೆ ಅಂಚೆಯಲ್ಲಿ ಕಳಿಸುವುದಿಲ್ಲ. ಹಮೀದನ ಹತ್ತಿರ ದಾರಿ ಕೇಳಿಕೊಂಡಿದ್ದೇನೆ. ಭಾನುವಾರ ಪೂಜೆ ಮುಗಿಸಿ ಕಾರ್ಕಳದ ಬಸ್ಸು ಹತ್ತುತ್ತೇನೆ. ಆ ಮುದ್ರಿತ ಚೀಟಿಯನ್ನು ದಿನಚರಿಯಿಂದ ತೆಗೆದು ಕೈಚೀಲದಲ್ಲಿ ಇಟ್ಟುಕೊಳ್ಳುತ್ತೇನೆ. ಮಗಳು ಇರುವಾಗಲೇ, ಅವಳ ಎದುರಿಗೇ ಹೇಳಬೇಕು. ಪ್ರತಿ ಬೋಲ್ಟನ್ನೂ ಎರಡನೆಯ ಸಲ ಮುಟ್ಟಿ ನೋಡುವವಳು ಅವಳು. ಕ್ಷಮಿಸಿ ಎಂದು ಕೇಳುವುದಿಲ್ಲ. ಕೇಳಿದರೆ ಕೊಟ್ಟುಬಿಡುತ್ತಾರೆ, ಅವರ ಸ್ವಭಾವ ನನಗೆ ಗೊತ್ತು. ಮತ್ತೆ ಅವರಿಂದಲೇ ತೆಗೆದುಕೊಂಡ ಹಾಗಾಗುತ್ತದೆ.

ಮೊದಲು, ಅಂದು ಯೂಸುಫ್ ಕೇಳು ಎಂದದ್ದನ್ನು ಕೇಳಬೇಕು. ತುಳುವಿನಲ್ಲಿ, ಅವನು ಹೇಳಿದ್ದ ಹಾಗೆಯೇ, ಒಂದು ಪದ ಬದಲಿಸದೆ: ಈ ತೋಟೆಯನ್ನು ಈ ಟ್ಯೂಬಿನಲ್ಲಿ ನೀವು ಪರೀಕ್ಷೆ ಮಾಡಿದ್ದಿರಾ, ಆಚಾರ್ರೆ?

ಅವರು ಇಲ್ಲ ಎನ್ನುತ್ತಾರೆ. ಅದನ್ನು ಕೇಳಿಸಿಕೊಳ್ಳಲು ಹೋಗುತ್ತಿದ್ದೇನೆ.